ಮಗ್ಗದ ಮನೆಗೆ ಬಂದ ಫೋನು

ಕಂಡಿಕೆಗಳಿಗೆ ನೂಲು ಸುತ್ತುತ್ತ ಕೂತಿದ್ದೆ. ಬೆಳಗಾದರೆ ಇದು ನನ್ನ ಕೆಲಸ. ಲಾಳಿಯೊಳಗೆ ಕೂರುವ ಈ ಪುಟ್ಟ ಕಡ್ಡಿಗಳಿಗೆ ನೂಲು ತುಂಬಿಸದಿದ್ದರೆ ಮಗ್ಗ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮೊದಲು ಮಗ್ಗದ ಹೊಟ್ಟೆ, ಆಮೇಲೆ ನಮ್ಮದು. ಮುಂದಿನ ಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗಗಳು ಧಡಧಡ ಬಡಿದುಕೊಳ್ಳುತ್ತಿದ್ದಾಗ ಗೂಡಿನಲ್ಲಿದ್ದ ಫೋನಿಗೆ ಬೆಳಕು ಬಂತು. ನಮ್ಮಲ್ಲಿ ಫೋನು ಬಂದರೆ ಕೇಳಿಸುವುದಿಲ್ಲ, ಕಾಣಿಸುತ್ತದೆ.

ನನ್ನ ಮಗಳು ಗುಬ್ಬಿ ಅದನ್ನು ಎತ್ತಿಕೊಂಡಳು. ಯಾವಾಗಲೂ ಹಿತ್ತಿಲಿಗೆ ಓಡಿಹೋಗಿ ಮಾತಾಡುವವಳು ಅಂದು ಮಗ್ಗಗಳ ನಡುವೆಯೇ ನಿಂತುಬಿಟ್ಟಳು. ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಬೆರಳು. ಮುಖ ಅರಳಿತು. ಬೆರಳು ತೆಗೆದು, ಅಂಗೈ ಬಿಚ್ಚಿ ಎರಡು ಸಲ ಮುಂದಕ್ಕೆ ಚಾಚಿದಳು. ತಲೆ ಆಡಿಸಿದಳು. ಮತ್ತೆ ಚಾಚಿದಳು.

ಈ ಗದ್ದಲದಲ್ಲಿ ಹುಟ್ಟಿ ಬೆಳೆದವರಿಗೆ ಕೈಯೇ ಬಾಯಿ. ಕಿರುಬೆರಳು ಕೊಂಕಿಸಿದರೆ ಎಳೆ ಹರಿದಿದೆ, ಹೊಟ್ಟೆ ತಟ್ಟಿದರೆ ಊಟಕ್ಕೆ ಬನ್ನಿ, ಅಂಗೈ ಚಾಚಿದರೆ ‘ಆಯ್ತು’ ಎಂದರ್ಥ. ನನ್ನ ಮಗಳು ಫೋನಿಗೆ ‘ಆಯ್ತು, ಆಯ್ತು’ ಎಂದು ಕೈಯಲ್ಲಿ ಹೇಳುತ್ತಿದ್ದಳು!

ಆ ಕಡೆಯಿಂದ ಫೋನು ಕಟ್ ಆಯಿತು. ಅವಳ ಮುಖ ಸಪ್ಪಗಾಯಿತು. ನಾನು ಅವಳನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ.

“ಅಮ್ಮಾ, ಸ್ಕಾಲರ್‌ಶಿಪ್ಪಿನವರು. ಆಯ್ಕೆ ಆಗಿದೀಯ, ಒಪ್ಪಿಗೆನಾ ಅಂದ್ರು. ನಾನು... ಬಾಯೇ ತೆಗೀಲಿಲ್ಲ.”

ತಿರುಗಿ ಫೋನು ಮಾಡಿದರೆ ಲೈನು ಸಿಗಲಿಲ್ಲ. ಮತ್ತೆ ಮಾಡಿದರೂ ಅದೇ ಪಾಡು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನಮ್ಮ ಯಜಮಾನರು, “ಫೋನಿಗೆ ಕಣ್ಣಿದೆ ಅಂದ್ಕೊಂಡ್ಯೇನೇ?” ಎಂದರು. ಯಾರೂ ನಗಲಿಲ್ಲ. ಒಳಗೆ ಹೋಗಿ ಎರಡೂ ಮಗ್ಗ ನಿಲ್ಲಿಸಿ ಬಂದರು. “ಹೊರಡಿ ಇಬ್ಬರೂ. ಆಫೀಸಿಗೇ ಹೋಗಿ ಹೇಳಿ. ಕಂಡಿಕೆ ನಾನೇ ಸುತ್ಕೋತೀನಿ.”

“ನಿಮಗೆ ಬರುತ್ತೇನ್ರೀ?”

“ನಿನ್ನಷ್ಟು ಚೆನ್ನಾಗಿ ಬರಲ್ಲ ಅಂತ ನೀನೇ ಹೇಳ್ತಿರ್ತೀಯಲ್ಲ. ಬಂದಷ್ಟು ಸುತ್ತೀನಿ, ನಡಿ.” ಗುಬ್ಬಿ ಚಪ್ಪಲಿ ಮೆಟ್ಟುವಾಗ ದನಿ ತಗ್ಗಿಸಿದರು. “ನೋಡು ಮಗಳೇ, ಅಲ್ಲಿ ಪ್ರಶ್ನೆ ಗಿಶ್ನೆ ಕೇಳ್ಬೇಡ. ಕೊಟ್ಟಿದ್ದನ್ನ ಕಣ್ಣಿಗೊತ್ಕೊಂಡು ಬಾ.”

ಯಾವ ಪ್ರಶ್ನೆ ಎಂಬುದು ಮೂವರಿಗೂ ಗೊತ್ತಿತ್ತು. ಹಿಂದಿನ ಬೀದಿಯ ಹುಡುಗಿಯೊಬ್ಬಳು ಹೀಗೇ ವಿದ್ಯಾರ್ಥಿವೇತನ ಸಿಕ್ಕಿ ವಿಶ್ವವಿದ್ಯಾಲಯಕ್ಕೆ ಹೋಗಿದ್ದಳು. ಅದು ಮೊದಲ ವರ್ಷಕ್ಕಷ್ಟೇ ಎಂಬುದು ವರ್ಷ ಮುಗಿದ ಮೇಲೆ ತಿಳಿಯಿತು. ಈಗ ಅವಳು ಪಕ್ಕದ ಶೆಡ್ಡಿನಲ್ಲಿ ಹರಿದ ಎಳೆ ಗಂಟು ಹಾಕುತ್ತಾಳೆ. ನಮ್ಮ ಗುಬ್ಬಿಗೆ ಸಿಕ್ಕಿದ್ದು ಬೇರೆ ಸಂಸ್ಥೆಯದು, ಆದರೆ ಇದು ಎಷ್ಟು ವರ್ಷದ್ದು ಎಂದು ಯಾರೂ ಹೇಳಿರಲಿಲ್ಲ. ಸಂದರ್ಶನದಲ್ಲಿ ಕೇಳಬೇಕೆಂದುಕೊಂಡು ಹೋದವಳು ಮಾತು ನುಂಗಿಕೊಂಡು ಬಂದಿದ್ದಳು.

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

“ಇವತ್ತು ಕೇಳ್ತೀಯಾ?” ಎಂದೆ.

“ದುರಾಸೆ ಅನ್ಕೋತಾರಮ್ಮ. ಇರೋದೂ ಕೈ ತಪ್ಪಿಹೋದ್ರೆ?”

“ಅನ್ಕೊಳ್ಳಲಿ. ಈಗಲೇ ಇಲ್ಲ ಅಂದ್ರೆ ಇನ್ನೊಂದು ಕಡೆ ಅರ್ಜಿ ಹಾಕೋಣ. ಅರ್ಧ ಓದಾದ ಮೇಲೆ ಇಲ್ಲ ಅಂದ್ರೆ ಎಲ್ಲಿಗೆ ಹೋಗ್ತೀಯ?”

“ನೀನೇ ಕೇಳಮ್ಮ.”

“ಓದೋಳು ನಾನೇನೇ?”

ಮುಖ ಊದಿಸಿಕೊಂಡಳು. ಅವಳು ತಪ್ಪು ಹೇಳಿದರೂ ಸರಿ, ಬಿಕ್ಕಿದರೂ ಸರಿ, ನಾನು ಮಾತ್ರ ಅವಳ ಪರವಾಗಿ ಬಾಯಿ ತೆರೆಯಬಾರದು ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಆಫೀಸಿಗೆ ಕಾಲಿಟ್ಟ ಕೂಡಲೇ ಆ ನಿರ್ಧಾರ ಹಾರಿಹೋಯಿತು. “ಬೆಳಿಗ್ಗೆ ಫೋನು ಮಾಡಿದ್ದು ಇಲ್ಲಿಂದಲಾ?” ಎಂದು ಕೇಳಿಯೇಬಿಟ್ಟೆ. ಫ್ಯಾನಿನ ಸದ್ದೂ ಕೇಳುವಂಥ ಕೋಣೆ ಅದು. ಕೂತವರೆಲ್ಲ ಬೆಚ್ಚಿ ನನ್ನ ಕಡೆ ತಿರುಗಿದರು.

ಮೇಜಿನ ಹಿಂದಿದ್ದ ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡರು. “ಮೆಲ್ಲಗೆ, ಅಮ್ಮ. ನಾನು ಇಲ್ಲೇ ಇದೀನಿ, ಆಚೆ ದಡದಲ್ಲಿಲ್ಲ.”

“ತಪ್ಪಾಯ್ತು ಮೇಡಂ. ಮಗ್ಗದ ಮನೆಯವರು,” ಎಂದು ಆದದ್ದನ್ನೆಲ್ಲ ಹೇಳಿದೆ. ಕೈಯಲ್ಲಿ ಒಪ್ಪಿಗೆ ಕೊಟ್ಟ ಕಥೆ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ! ನಾನು ಹಲೋ ಹಲೋ ಅಂತ ಬಡ್ಕೊಂಡೆ. ಬರೀ ಧಡಧಡ. ಇವರಿಗೆ ಬೇಡವೇನೋ ಅಂದ್ಕೊಂಡು ಮುಂದಿನವರಿಗೆ ಮಾಡೋಣ ಅಂತಿದ್ದೆ.” ನಗು ನಿಲ್ಲಿಸಿ ಪೆನ್ನು ಎತ್ತಿಕೊಂಡು ಗುಬ್ಬಿಯ ಕಡೆ ನೋಡಿದರು. “ಸರಿ, ಈಗ ಬಾಯಲ್ಲಿ ಹೇಳಮ್ಮ. ಒಪ್ಪಿಗೆನಾ?”

ಗುಬ್ಬಿಯ ಅಂಗೈ ಅರ್ಧ ಮೇಲೆದ್ದು ಮತ್ತೆ ಕೆಳಗಿಳಿಯಿತು.

“ಬೇಗ ಹೇಳು. ಕಾಯ್ತಿರೋರು ಬೇಕಾದಷ್ಟು ಜನ ಇದ್ದಾರೆ.”

ಹೂಂ ಎಂದರೆ ಮುಗಿಯಿತು, ವಿದ್ಯಾರ್ಥಿವೇತನ ಅವಳದು. ನನ್ನ ಗಂಟಲಿಗೇ ಬಂದಿತ್ತು ಆ ಹೂಂ. ಮಗಳು ನನ್ನತ್ತ ತಿರುಗಿ ನೋಡಿದಳು. ಬಲು ಕಷ್ಟಪಟ್ಟು ತುಟಿ ಬಿಗಿಹಿಡಿದು, ಹುಬ್ಬನ್ನೂ ಅಲುಗಿಸದೆ ನಿಂತೆ. ಅವಳು ಮೇಜಿಗೆ ಇನ್ನಷ್ಟು ಹತ್ತಿರ ಸರಿದಳು.

“ಒಪ್ಪೋಕೆ ಮುಂಚೆ ಒಂದು ತಿಳ್ಕೋಬೇಕು, ಮೇಡಂ.” ಮೊದಲ ಮಾತು ನಡುಗಿತು. ಆಮೇಲಿನದು ಕೋಣೆಯ ಮೂಲೆಮೂಲೆಗೂ ಕೇಳಿಸಿತು. “ಎರಡನೇ ವರ್ಷದ್ದು, ಮೂರನೇ ವರ್ಷದ್ದು, ಓದು ಮುಗಿಯೋವರೆಗಿನ ಫೀಸೂ ನೀವೇ ಕಟ್ತೀರಾ?”