ಸಂಜೆಯ ಕೊಡತಿ

ಬಟ್ಟೆ ಮಾಡಲೆಂದು ಬಡಿದು ಬಡಿದು ಅಗಲವಾಗಿದ್ದ ಮರದ ತೊಗಟೆಯ ಪಟ್ಟಿಯನ್ನು ಓಫಾ ದಿಮ್ಮಿಯ ಮೇಲೆ ಮಡಿಸಿ ಮತ್ತೆ ಕೊಡತಿ ಎತ್ತಿದಳು. ಅಕ್ಕಪಕ್ಕದಲ್ಲಿ ಗೆಳತಿಯರ ಇನ್ನೆರಡು ಕೊಡತಿಗಳು ಏಳುತ್ತ ಬೀಳುತ್ತಿದ್ದವು. ದಿಮ್ಮಿಯ ತುದಿಗೆ ಕೆನ್ನೆಯೊತ್ತಿ ಆರು ವರ್ಷದ ಮಗಳು ಸಿಯಾಲೆ ಮೈಮರೆತು ಮಲಗಿದ್ದಳು.

"ಸಾಕು ನಿಲ್ಸಿ. ಈ ಗದ್ದಲದಲ್ಲಿ ಮಗು ಹೇಗೆ ಮಲಗುತ್ತೆ?" ಬೇರೆ ದ್ವೀಪದಿಂದ ಬಂದಿದ್ದ ಗಂಡನ ಅಕ್ಕ ಲಾವಿನಿಯಾ ಬಾಗಿಲಲ್ಲಿ ನಿಂತಿದ್ದಳು.

ಮೂರೂ ಕೊಡತಿಗಳು ಒಟ್ಟಿಗೆ ನಿಂತವು. ಸಿಯಾಲೆ ಥಟ್ಟನೆ ಕಣ್ಣು ಬಿಟ್ಟು ಚೀರಿದಳು.

ಸಿಯಾಲೆಯಂತೆ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನಿದ್ದೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ರಾತ್ರಿ ಎರಡಕ್ಕೇ ಎದ್ದು ಮನೆ ಸುತ್ತುವ ಮಗಳ ಹಿಂದೆ ಓಫಾ ಎರಡು ವರ್ಷದಿಂದ ಸುತ್ತುತ್ತಿದ್ದಳು.

"ಸೋಮವಾರದ ಹಡಗಿಗೆ ಇವಳನ್ನ ಕರ್ಕೊಂಡು ಹೋಗ್ತೀನಿ. ನಮ್ಮನೇಲಿ ಒಂದು ಸೂಜಿ ಬಿದ್ರೂ ಕೇಳಿಸುತ್ತೆ," ಎಂದಳು ಲಾವಿನಿಯಾ.

ಮಗುವಿಗೆ ಹೆಸರಿಟ್ಟ ಸೋದರತ್ತೆ ಅವಳು. ಟೋಂಗಾ ದ್ವೀಪಗಳಲ್ಲಿ ಸೋದರತ್ತೆಯ ಮಾತಿಗೆ ಎದುರಿಲ್ಲ. ಓಫಾಳ ಗಂಡ ಆಗಲೇ ತಲೆ ತಗ್ಗಿಸಿದ್ದ.

"ಇವತ್ತು ಅವಳ ಪಕ್ಕ ನೀವೇ ಮಲಗಿ ಅತ್ತಿಗೆ. ಬೆಳಗಿನ ತನಕ ಮಲಗಿದ್ರೆ ಅವಳನ್ನ ಇಲ್ಲೇ ಬಿಟ್ಟು ಹೋಗ್ತೀರಾ?" ಎಂದಳು ಓಫಾ.

"ಮಲಗಿದ್ರೆ ತಾನೆ," ಲಾವಿನಿಯಾ ನಕ್ಕಳು.

ಆ ಮಧ್ಯಾಹ್ನ ಮತ್ತೆ ನಿದ್ದೆ ಹೋಗದಿರಲೆಂದು ಓಫಾ ಮಗಳನ್ನು ದಿಮ್ಮಿಯ ಹತ್ತಿರ ಬಿಡಲಿಲ್ಲ. ಸಮುದ್ರದ ನೀರಿನಲ್ಲಿ ಆಡಿಸಿದಳು. ಉಳಿದ ತೊಗಟೆಯನ್ನು ಕತ್ತಲಾಗುವಾಗ ಬಡಿಯೋಣ ಎಂದು ಗೆಳತಿಯರನ್ನು ಕೇಳಿಕೊಂಡಳು.

"ಆ ಹೊತ್ತಿಗೆ ನನ್ನ ಗಂಡ ಊಟ ಕೇಳ್ತಾನಲ್ಲೇ," ಎಂದಳು ನೆರೆಮನೆಯ ತೋಕಾ.

"ಒಂದು ತುಂಡು ತೊಗಟೆ ಕೊಟ್ಟು ಬಾ. ಅಗೀತಾ ಕೂತಿರ್ಲಿ."

ಸಂಜೆ ದಿಮ್ಮಿಯ ಪಕ್ಕದಲ್ಲೇ ಚಾಪೆ ಹಾಸಿದರು. ಸಿಯಾಲೆಯ ಕಣ್ಣು ಮುಚ್ಚಿದಾಗ ಓಫಾ ಯಾರನ್ನೂ ಥಟ್ಟನೆ ನಿಲ್ಲಿಸಗೊಡಲಿಲ್ಲ. ಮೊದಲು ತೋಕಾಳ ಕೊಡತಿ ಮೆತ್ತಗಾಯಿತು, ಆಮೇಲೆ ಇನ್ನೊಬ್ಬಳದು. ಕೊನೆಗೆ ಓಫಾಳದು, ಬಟ್ಟೆ ಸುತ್ತಿದ ಕೈಯಿಂದ ತಟ್ಟಿದಷ್ಟು ಹಗುರವಾಗಿ, ಬಿಟ್ಟು ಬಿಟ್ಟು.

ಮರುದಿನ ಶನಿವಾರ, ಬಿಸಿಲು ಚಾಪೆಯ ಮೇಲೆ ಬಂದಾಗಲೂ ಸಿಯಾಲೆ ಬಾಯಿ ತೆರೆದು ಮಲಗಿದ್ದಳು. ಕಣ್ಣು ಕೆಂಪಾಗಿದ್ದುದು ಲಾವಿನಿಯಾಳದು.

"ಮೂರು ಸಲ ಎದ್ದೆ ಕಣೇ, ಉಸಿರಾಡ್ತಿದ್ದಾಳಾ ಅಂತ ನೋಡೋಕೆ," ಎಂದಳು. ಆಮೇಲೆ, ಗಂಟಲು ಸರಿಮಾಡಿಕೊಂಡು, "ಹಡಗಲ್ಲಿ ನನಗೊಂದು ಜಾಗ ಸಾಕು. ನಿನ್ನೆ ಕೊನೇಲಿ ಬಡಿದಿದ್ದು ಯಾರು? ಕೈ ಚೆನ್ನಾಗಿದೆ."

ಬೇಲಿಯಾಚೆ ಕಿವಿಗೊಟ್ಟು ನಿಂತಿದ್ದ ತೋಕಾ ಓಡಿಬಂದು ಓಫಾಳನ್ನು ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿದಳು. ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡು ನಕ್ಕರು, ಮಗು ಏಳದ ಹಾಗೆ.

ನಾಳೆ ಭಾನುವಾರ. ಇಡೀ ದ್ವೀಪದಲ್ಲಿ ಒಂದೇ ಒಂದು ಕೊಡತಿ ಏಳುವಂತಿಲ್ಲ. ಅದು ದೇವರ ದಿನ, ಯಾರೂ ಕೆಲಸ ಮಾಡಬಾರದು. ಓಫಾ ತನ್ನ ಅಂಗೈ ನೋಡಿಕೊಂಡಳು, ಒಮ್ಮೆ ತೊಡೆಯ ಮೇಲೆ ಮೆಲ್ಲಗೆ ತಟ್ಟಿ ನೋಡಿದಳು. ಅದೇ ಲಯ ಬಂತು. ಬರಿಗೈಯಲ್ಲಿ ಚಾಪೆ ತಟ್ಟುವುದು ಕೆಲಸವೋ ಅಲ್ಲವೋ ಎಂದು ಪಾದ್ರಿಯನ್ನು ಕೇಳುವುದು ಬೇಡ ಎಂದುಕೊಂಡು, ಒಲೆ ಹಚ್ಚಲು ಎದ್ದಳು.