ಹನಕೆರೆ ಸ್ಟೇಷನ್ನಿಗೆ ಹೊಸಿಲಿಲ್ಲ

ಶೋಭಿತಾಳನ್ನು ಹೆಗಲ ಮೇಲೆ ಹಾಕಿಕೊಂಡು ರೈಲಿಳಿದಾಗ ಹನಕೆರೆ ಸ್ಟೇಷನ್ನೇ ಕಾಣುತ್ತಿರಲಿಲ್ಲ. ಮಾಗಿಯ ಮಂಜು. ಗದ್ದೆ, ಕಬ್ಬು, ಕಂಬಿ ಎಲ್ಲ ಒಂದೇ ಬಿಳಿ. ರೈಲು ಹೊರಟ ಮೇಲೆ ಅದರ ಸದ್ದನ್ನೂ ಮಂಜು ನುಂಗಿತು. ಎಲ್ಲೋ ಆಲೆಮನೆಯಲ್ಲಿ ಬೆಲ್ಲ ಕುದಿಯುವ ವಾಸನೆ ಮಾತ್ರ ತೇಲಿ ಬರುತ್ತಿತ್ತು. ನನ್ನ ತಂಗಿ ನಾಗಮಣಿ ಮಗಳ ಬಟ್ಟೆ ಚೀಲ ಹಿಡಿದು ಹಿಂದೆ ನಿಂತಳು.

ಪ್ಲಾಟ್‌ಫಾರ್ಮಿನ ಆ ತುದಿಯಿಂದ ನೆರಳೊಂದು ಹತ್ತಿರವಾಯಿತು. ಮಹದೇವು. ಶೋಭಿತಾಳ ಅಪ್ಪ, ನಾಗಮಣಿಯ ಗಂಡ. ಇನ್ನೂ ಗಂಡ ಅನ್ನಬೇಕೋ ಬೇಡವೋ, ಅದನ್ನು ಕೋರ್ಟು ಹೇಳಿಲ್ಲ. ಅವನು ಮಂಡ್ಯದಲ್ಲಿ ಆಫೀಸು ಕೆಲಸ ಮಾಡಿಕೊಂಡಿದ್ದಾನೆ. ಇವಳು ಮಗಳನ್ನು ಕರೆದುಕೊಂಡು ನಿಡಘಟ್ಟಕ್ಕೆ, ನಮ್ಮ ಮನೆಗೆ ಬಂದಿದ್ದಾಳೆ. ಶನಿವಾರ ಬೆಳಿಗ್ಗೆ ಮಗು ಅಪ್ಪನ ಬಳಿಗೆ, ಭಾನುವಾರ ಸಂಜೆ ವಾಪಸು. ಮಂಡ್ಯದ ಮಧ್ಯಸ್ಥಿಕೆ ಕೇಂದ್ರದಲ್ಲಿ ಚಲುವಮ್ಮ ಮೇಡಂ ಇಬ್ಬರನ್ನೂ ಕೂರಿಸಿ, ಮಾತಾಡಿಸಿ, ಇಷ್ಟಕ್ಕೆ ಒಪ್ಪಿಸಿದ್ದರು.

ಎಲ್ಲಿ ಕೊಡುವುದು ಅನ್ನುವುದೇ ತಕರಾರಾಗಿತ್ತು. ಹೊಸಿಲ ಮೇಲೆ ಏನನ್ನೂ ಕೊಡಬಾರದು ಅನ್ನುವುದು ನಮ್ಮವ್ವ ಪಟ್ಟಲಮ್ಮನ ಕಟ್ಟು. ಉಪ್ಪಾಗಲಿ, ಮಗುವಾಗಲಿ, ತಗೊಳ್ಳುವವರು ಒಳಗೆ ಬಂದು ನೀರು ಕುಡಿದು ತಗೊಂಡು ಹೋಗಬೇಕು. ಬೀದಿಯಲ್ಲಿ ನಿಲ್ಲಿಸಿ ಕೊಟ್ಟರೆ ಮಗು ನಮಗೆ ಬೇಡ ಅಂತ ಕೈ ತೊಳೆದುಕೊಂಡ ಹಾಗಂತೆ. ಮಹದೇವು ನನ್ನ ಮನೆ ಹೊಸಿಲು ದಾಟಿದರೆ ಕಾಲು ಮುರಿಯುತ್ತೇನೆ ಅಂತ ನಾನು ಊರೆಲ್ಲ ಕೇಳುವ ಹಾಗೆ ಹೇಳಿದ್ದೆ. ಅವರ ಮನೆಯಲ್ಲೂ ನನ್ನ ಮೇಲೆ ಅಂಥದ್ದೇ ಮಾತಿತ್ತು. ಸ್ಟೇಷನ್ನಿಗೆ ಹೊಸಿಲಿಲ್ಲ. ಅದಕ್ಕೇ ಹನಕೆರೆ ಆಯಿತು.

“ಇವತ್ತೂ ನಿದ್ದೇನಾ?” ಅಂದ ಮಹದೇವು.

“ಮಲ್ಗಿರೋ ಮಗೀನ ಎಬ್ಬುಸ್ಬಾರ್ದು. ತಕ್ಕೋ.”

“ಪ್ರತಿ ಸಾರೀನೂ ಇದೇ ಆಯ್ತಲ್ಲ ಬಾವ. ಬೆಳಗಾನೆದ್ದು ಕೆಮ್ಮಿನ ಔಸ್ದಿ ಏನಾರಾ ಕುಡ್ಸಿ ಕರ್ಕಬತ್ತೀರಾ?”

ನಾಗಮಣಿ ಮುಂದೆ ಬಂದಳು. “ಏನಂದೆ? ನಿನ್ ತಾವಿಂದ ಬರುವಾಗ್ಲೂ ಇಂಗೇ ಬತ್ತಾಳೆ. ರಾತ್ರಿಯೆಲ್ಲ ಮೊಬೈಲ್ ಕೊಟ್ಟು ಕೂರುಸ್ತೀಯ, ನಂಗೊತ್ತಿಲ್ವಾ?”

“ನೋಡೇ, ಮಾತು ನೆಟ್ಟಗಿರ್ಲಿ.”

“ಯಾರ್ಗ್ಲಾ ಲೇ ನೋಡೇ ಅಂತೀಯ?” ಅಂದೆ. ನನಗೆ ಮಾತಿಗಿಂತ ಮುಂಚೆ ಕೈ ಏಳುತ್ತದೆ. ಹೆಗಲ ಮೇಲೆ ಮಗು ಇದ್ದದ್ದಕ್ಕೆ ಅವನು ಉಳಿದ.

“ಬುಡಣ್ಣ,” ಅಂದಳು ನಾಗಮಣಿ. “ಬುದುವಾರ ಮೇಡಂ ಮುಂದೇನೇ ಯೋಳ್ತೀನಿ. ಇನ್ಮ್ಯಾಕೆ ಮಗೀನ ಕಳ್ಸಕ್ಕಿಲ್ಲ. ನೀನು ಇಲ್ಲಿಗಂಟ ಬರೋದೂ ಬ್ಯಾಡ.”

ಮಹದೇವುವಿನ ಕೈಯಲ್ಲಿ ಒಂದು ಸೀಬೆಹಣ್ಣಿತ್ತು. ಮಗಳಿಗೆ ತಂದದ್ದು. ಅದನ್ನು ಎಲ್ಲಿ ಇಡುವುದು ಅಂತ ಅವನಿಗೆ ತಿಳಿಯಲಿಲ್ಲ.

ಅಲ್ಲೇ ನಿಂತರೆ ಹೊಡೆದುಬಿಡುತ್ತೇನೆ ಅಂತ ಮಗುವನ್ನು ಹೊತ್ತುಕೊಂಡು ಮಂಜಿನೊಳಗೆ ನಡೆದೆ. ನಡೆದಷ್ಟೂ ಪ್ಲಾಟ್‌ಫಾರ್ಮು ಉದ್ದವಾಗುತ್ತ ಹೋಯಿತು. ಅವರಿಬ್ಬರ ದನಿ ನೀರಿನ ಕೆಳಗಿನಿಂದ ಬಂದ ಹಾಗೆ ಸಣ್ಣಗಾಯಿತು. ಆಗ ಕಿವಿಯ ಹತ್ತಿರ ಬಿಸಿ ಉಸಿರು ತಾಕಿತು.

“ಮಾವ, ನಾನು ಮಲ್ಗಿವ್ನಿ ಅಂತ ಯೋಳು.”

ನಾನು ನಿಂತೆ. ಸಿಮೆಂಟು ಬೆಂಚಿನ ಮೇಲೆ ಕೂತೆ. ಅವಳು ಕಣ್ಣು ತೆರೆಯಲಿಲ್ಲ. ರೆಪ್ಪೆ ಮಾತ್ರ ನಡುಗುತ್ತಿತ್ತು.

ನಮ್ಮದು ರೇಷ್ಮೆ ಬೇಸಾಯ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲುಗಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ನೋಡಿದವರು ನಿದ್ದೆ ಅಂದುಕೊಳ್ಳುತ್ತಾರೆ. ನನ್ನ ಮಡಿಲಲ್ಲಿ ಕೂತಿದ್ದದ್ದೂ ಅದೇ.

“ಯಾಕವ್ವ ಇಂಗ್ ಮಾಡ್ತೀಯ?”

“ನಡ್ಕಂಡೋದ್ರೆ ಅಮ್ಮುನ್ನ ಬುಟ್ಟೋದಂಗಾಯ್ತದೆ. ಬರುವಾಗ ನಡ್ಕಂಡ್ ಬಂದ್ರೆ ಅಪ್ಪುನ್ನ ಬುಟ್‌ಬಂದಂಗೆ. ಮಲ್ಗಿದ್ರೆ ನಾನಲ್ಲ, ನೀವೇ ಎತ್ಕೊಂಡೋಗೋದು.”

ಟವೆಲ್ಲಿನಿಂದ ಅವಳ ತಲೆ ಮೇಲಿನ ಮಂಜು ಒರೆಸಿದೆ.

“ಅಷ್ಟೊತ್ತೂ ಕಣ್ಮುಚ್ಕಂಡಿರ್ತೀಯಲ್ಲ, ಏನ್ ಕಾಣ್ತದೆ?”

“ಮನೆ.”

“ಯಾವ್ ಮನೆ?”

“ಇಲ್ಲೇ, ಟೇಸನ್ ಮ್ಯಾಲೇ ಅದೆ. ಅದುಕ್ಕೆ ಬಾಗ್ಲೇ ಇಲ್ಲ. ರೈಲು ನಡುಮನೇಗೇ ಬತ್ತದೆ. ಒಂದ್ ಕಿಟ್ಕೀಲಿ ಅಮ್ಮ, ಒಂದ್ ಕಿಟ್ಕೀಲಿ ಅಪ್ಪ. ಅಜ್ಜಿ ರೈಲಿಗೇ ಬಯ್ತಾ ಕೂತವ್ಳೆ, ಮೆಟ್ಟು ಬುಟ್‌ಬರ್ಬಾರ್ದಾ ಅಂತ.”

“ನಾನೆಲ್ಲಿವ್ನಿ?”

“ನೀನು ಹುಳಕ್ಕೆ ಸೊಪ್ಪಾಕೋಕೋಗಿದ್ದೀಯ.”

ಆ ಮನೆಯಲ್ಲಿ ನಾನು ಒಳಗಿರಲಿಲ್ಲ. ನಾನು ಒಳಗಿದ್ದರೆ ಅವಳಪ್ಪ ಕಿಟಕಿಯಲ್ಲಿ ಇರುವುದು ಹೇಗೆ?

ವಾಪಸು ಹೋಗಿ ಮಗುವನ್ನು ಮಹದೇವುವಿನ ಹೆಗಲಿಗೆ ಹಾಕಿದೆ. “ಮಲ್ಗವ್ಳೆ,” ಅಂದೆ. ಅವನು ಸೀಬೆಹಣ್ಣನ್ನು ಜೇಬಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ಅವಳನ್ನು ತಬ್ಬಿಕೊಂಡ. ಮಂಜು ಇಬ್ಬರನ್ನೂ ಒಳಗೆ ತಗೊಂಡಿತು.

ಬುಧವಾರ ಮಧ್ಯಸ್ಥಿಕೆಯ ಕೋಣೆಯಲ್ಲಿ ನಾಗಮಣಿ ಅಂದಂತೆಯೇ ಹೇಳಿದಳು. ಮಗುವನ್ನು ಇನ್ನು ಕಳಿಸುವುದಿಲ್ಲ. ಮಹದೇವು ಔಷಧಿಯ ಮಾತೆತ್ತಿದ. ಚಲುವಮ್ಮ ಮೇಡಂ ಇಬ್ಬರ ಮಾತೂ ಮುಗಿಯುವ ತನಕ ಕಾದು, ಹೊರಗಿನ ಬೆಂಚಿನಿಂದ ನನ್ನನ್ನು ಕರೆಸಿದರು.

“ಎತ್ಕೊಂಡು ಬರೋರು ನೀವೇ ಅಲ್ವಾ ಸಿದ್ದರಾಜು? ಮಗು ಯಾಕೆ ಮಲಗಿರ್ತಾಳೆ?”

ಮಲಗಿದ್ದಾಳೆ ಅಂತ ಹೇಳು ಅಂದಿದ್ದಳು ಮಗು. ನಾನು ಹಾಗೆ ಹೇಳಲಿಲ್ಲ. ಬೆಂಚಿನ ಮೇಲೆ ಕೇಳಿದ್ದನ್ನೆಲ್ಲ ಹೇಳಿದೆ, ಬಾಗಿಲಿಲ್ಲದ ಮನೆಯನ್ನೂ ಬಿಡದೆ. ನಾಗಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನನ್ ಹೆಗಲ್ ಮೇಲೂ ಎದ್ದೇ ಇರ್ತಾಳಾ?” ಅಂತ ಮಹದೇವು ಯಾರನ್ನೂ ನೋಡದೆ ಕೇಳಿದ.

“ಇರ್ತಾಳೆ,” ಅಂದರು ಮೇಡಂ. “ನೀವಿಬ್ಬರೂ ಒಬ್ಬರನ್ನೊಬ್ಬರು ಬಿಡಬಹುದು. ಅದು ನಿಮ್ಮಿಷ್ಟ. ಅವಳು ಯಾರನ್ನೂ ಬಿಡ್ತಿಲ್ಲ ಅಂತ ಅವಳಿಗೆ ಕಾಣಬೇಕು. ಬಾಯಲ್ಲಿ ಹೇಳಿದ್ರೆ ಸಾಲದು. ಅಲ್ಲ, ಆ ಸ್ಟೇಷನ್ನೇ ಯಾಕೆ? ಮನೆಗೇ ಹೋಗಿ ಯಾಕೆ ಕರ್ಕೊಂಡು ಬರಬಾರದು?”

ಇಬ್ಬರೂ ನನ್ನ ಮುಖ ನೋಡಿದರು.

“ನೋಡಿ ಮೇಡಂ, ನಾನು ಊರ್‌ ಮುಂದೆ ಮಾತಾಡ್ಬುಟ್ಟಿವ್ನಿ,” ಅಂದೆ.

“ಊರೇನು ಮಗು ಎತ್ಕೊಂಡು ರೈಲು ಹತ್ತುತ್ತಾ?”

ಕೋಪ ಬಂತು. ಎದ್ದು ಹೊರಗೆ ಬಂದೆ. ಕಳಿಸುವುದೋ ಬೇಡವೋ ಅನ್ನುವುದನ್ನು ನಾಗಮಣಿ ಶನಿವಾರಕ್ಕೆ ಬಿಟ್ಟಳಂತೆ. ಮಹದೇವು ನಿಡಘಟ್ಟಕ್ಕೆ ಬರುವುದು, ಒಳಗೆ ಕರೆಯುವವರಿದ್ದರೆ ಸರಿ, ಇಲ್ಲದಿದ್ದರೆ ಮಗುವನ್ನು ಕಳಿಸುವುದು ಅಲ್ಲಿಗೆ ಮುಗಿಯಿತು.

ಶನಿವಾರ ಬೆಳಿಗ್ಗೆ ನಾನು ಹುಳುಮನೆಯಲ್ಲಿದ್ದೆ. ಹುಳು ಜ್ವರದಿಂದ ಎದ್ದು ಸೊಪ್ಪಿಗೆ ಬಿದ್ದಿದ್ದವು. ಅವು ತಿನ್ನುವ ಸದ್ದು, ಸೂರಿನ ಮೇಲೆ ಸೋನೆ ಹಿಡಿದಂತೆ, ನಿಲ್ಲದೆ. ಆ ಸದ್ದಿನಲ್ಲಿ ನಿಂತರೆ ಹೊತ್ತು ತಿಳಿಯುವುದಿಲ್ಲ. ಮಂಜಿನ ಆಚೆ ಬಸ್ಸೊಂದು ನಿಂತು ಹೋಯಿತು.

ಅವ್ವ ಬಾಗಿಲಿಗೆ ಬಂದಳು. “ಲೇ ಸಿದ್ದ, ಬಂದು ಸೀಬೆಗಿಡುದ್ ತಾವ ನಿಂತವ್ನೆ ಕಣ್ಲಾ.”

“ನಿಂತಿರ್ಲಿ.”

“ಮಗಾ ಆಗ್ಲೇ ಕಣ್ಮುಚ್ಕಂಡು ಮಂಚುದ್ ಮ್ಯಾಲೆ ಬಿದ್ಕಂಡವ್ಳೆ.”

ಸೊಪ್ಪಿನ ಕಂತೆಯನ್ನು ಕೆಳಗೆ ಹಾಕಿದೆ. ಅಂಗಳಕ್ಕೆ ಬಂದೆ. ಮಹದೇವು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಎದುರುಮನೆ ಕರಿಯಪ್ಪ ಹಲ್ಲುಜ್ಜುತ್ತ ನಿಂತಿದ್ದ. ಅವನ ಕೈ ಬಾಯಲ್ಲೇ ಉಳಿಯಿತು.

“ಏನ್ಲಾ, ಅಲ್ಲೇ ಬೇರ್ ಬುಡ್ತೀಯಾ?” ಅಂದೆ. “ಒಳಿಕ್ ಬಾ. ಮೆಟ್ಟು ಆಚೆ ಬುಡು, ಇಲ್ದಿದ್ರೆ ಅವ್ವ ಬಯ್ತಳೆ.”

“ಬಾವ, ಕಾಲು...”

“ಮುರ್ಯಕ್ಕಿಲ್ಲ, ಬಾರಲಾ!”

ಅವನು ಬಗ್ಗಿ ಒಳಗೆ ಬಂದ. ಗೋಡೆಯ ಮೇಲಿನ ಬಾಬಾಸಾಹೇಬರ ಪಟದ ಕೆಳಗೆ ಕೂತ. ಅವ್ವ ಚೊಂಬಿನಲ್ಲಿ ನೀರು ಕೊಟ್ಟಳು. ನಾಗಮಣಿ ಅಡುಗೆಮನೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತಳು. ಅವನು ನೀರು ಕುಡಿಯುವ ಸದ್ದಿಗೆ ಮಂಚದ ಮೇಲೆ ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು.

“ಅಪ್ಪ, ಒಳಿಕ್ ಬಂದ್ಬುಟ್ಟಿದ್ದೀಯಾ?”

“ಊ ಕಣವ್ವ.”

ಅವಳು ಎದ್ದು ಕೂತಳು. ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು, ನಾನೂ ಒಳಗೇ ಇದ್ದೇನೆ ಅನ್ನುವುದನ್ನು ನೋಡಿದಳು. ಚೊಂಬಿನಲ್ಲಿ ಉಳಿದ ನೀರನ್ನು ತಾನು ಕುಡಿದಳು. ನಾಗಮಣಿ ಚೀಲವನ್ನು ಮಹದೇವುವಿಗೆ ಕೊಟ್ಟು, “ಸ್ವೆಟರ್ ತಳಗದೆ,” ಅಂದಳು. ಅಷ್ಟೇ. ಅದರಿಂದ ಅವರಿಬ್ಬರ ನಡುವೆ ಏನೂ ಸರಿಹೋಗಲಿಲ್ಲ.

ಶೋಭಿತಾ ಹೊಸಿಲ ಹತ್ತಿರ ಹೋದಳು. ಒಂದು ಕಾಲು ಆಚೆ ಇಟ್ಟಳು, ಮತ್ತೆ ಒಳಗೆ ತಂದಳು. ಮತ್ತೆ ಆಚೆ, ಮತ್ತೆ ಒಳಗೆ.

“ಒಸ್ಲು ತುಳೀಬ್ಯಾಡ ಕಣಮ್ಮ, ದಾಟು,” ಅಂದಳು ಅವ್ವ.

ಅವಳು ದಾಟಿದಳು. ಅಂಗಳದಲ್ಲಿ ಅಪ್ಪನ ಕೈ ಹಿಡಿದು, ತಿರುಗಿ ನಿಂತು, ಈ ತನಕ ಒಂದು ಶನಿವಾರವೂ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಹೇಳಿದಳು.

“ಅಮ್ಮ, ಬತ್ತೀನಿ. ಮಾವ, ಬತ್ತೀನಿ.”

“ಓಗ್‌ ಬಾವ್ವ,” ಅಂದಳು ನಾಗಮಣಿ.

ಇಬ್ಬರೂ ಮಂಜಿನೊಳಗೆ ನಡೆದರು. ಸಣ್ಣ ಚಪ್ಪಲಿಯ ಸದ್ದು ಬಸ್‌ಸ್ಟಾಪಿನ ತನಕ ಕೇಳಿತು. ನಾನು ಹುಳುಮನೆಗೆ ಹೋದೆ. ಸೊಪ್ಪು ಖಾಲಿಯಾಗಿತ್ತು.