ಹೋಗ್ತೀನಿ ಅನ್ನಲಾರದ ಚಿಕ್ಕಮ್ಮ

ಒದ್ದೆ ಚಾದರ ಹೆಣಭಾರ. ಆಸ್ಪತ್ರೆಯ ಚಾದರವಾದರೆ ಇನ್ನೂ ಒಂದು ಕೈ ಹೆಚ್ಚು. ಅದನ್ನು ಒಗೆಯುವ ಯಂತ್ರದಿಂದ ಎಳೆದು ತೆಗೆದು, ತಳ್ಳುಗಾಡಿಗೆ ತುಂಬಿ, ಒಣಗಿಸುವ ಯಂತ್ರದ ಬಾಯಿಗೆ ತುರುಕಬೇಕು. ಅದು ಬಿಸಿಬಿಸಿಯಾಗಿ ಹೊರಗೆ ಬಂದ ಮೇಲೆ ಇಬ್ಬರು ಹೆಂಗಸರು ನಾಲ್ಕು ಮೂಲೆ ಹಿಡಿದು ಮಡಿಸಬೇಕು. ಜಗ್ಗು, ಕೊಡವು, ಎದುರಿಗೆ ನಡೆದು ಬಾ, ಮೂಲೆಗೆ ಮೂಲೆ ಕೂಡಿಸು, ಹಿಂದಕ್ಕೆ ಹೋಗು. ದಿನವಿಡೀ ಇದೇ. ಚಿಕ್ಕಮ್ಮ ಈ ಲಾಂಡ್ರಿಗೆ ಸೇರಿದಾಗ ಅವಳ ಮಗಳು ತೊದಲುತ್ತಿದ್ದಳು, ಈಗ ಮಗಳ ಮಗು ತೊದಲುತ್ತದೆ. ಅಷ್ಟರಲ್ಲಿ ಚಿಕ್ಕಮ್ಮನ ಬೆರಳ ತುದಿ ಕಾವಿಗೆ ಸವೆದು ನುಣ್ಣಗಾಗಿತ್ತು. ಮಂಡಿ ಮಾತ್ರ ಹೊಸದಾಗಿ ಕರಕರ ಎನ್ನಲು ಕಲಿತಿತ್ತು.

ಚಿಕ್ಕಮ್ಮ ಎಂಬುದು ಅವಳ ಹೆಸರಲ್ಲ. ಯಾವತ್ತೋ ಯಾರೋ ಹಾಗೆ ಕರೆದರು, ಎಲ್ಲರೂ ಅದನ್ನೇ ಹಿಡಿದರು. ಅವಳಿಗಿಂತ ಹಿರಿಯರಿಗೂ ಅವಳು ಚಿಕ್ಕಮ್ಮನೇ, ಸೂಪರ್‌ವೈಸರನಿಗೂ ಚಿಕ್ಕಮ್ಮನೇ. ಎದುರು ನಿಂತು ಇನ್ನೆರಡು ಮೂಲೆ ಹಿಡಿಯುವವಳು ಉದ್ದಕ್ಕ. ಒಬ್ಬಳು ಗಿಡ್ಡ, ಒಬ್ಬಳು ಉದ್ದ. ಅವರ ನಡುವಿನ ಚಾದರ ಯಾವಾಗಲೂ ಇಳಿಜಾರು. ಆದರೂ ಅವರು ಮಡಿಸಿದ ಗಂಟು ಗೆರೆ ಎಳೆದಂತೆ ನೇರವಾಗಿರುತ್ತಿತ್ತು.

ಲಾಂಡ್ರಿಯ ಹಳೇ ಮಾಲೀಕ ದೇವರಂಥವನೇನೂ ಅಲ್ಲ. ಸೋಪಿನ ಪುಡಿ ಅಳೆದು ಕೊಡುತ್ತಿದ್ದ, ಬಾಯಿಗೆ ಬಂದಂತೆ ಬೈಯುತ್ತಿದ್ದ. ಬೈಯುವಾಗ ಮುಖ ನೋಡಿ ಬೈಯುತ್ತಿದ್ದ ಎಂಬುದೊಂದೇ ಅವನ ದೊಡ್ಡ ಗುಣ. ಅವನು ಲಾಂಡ್ರಿಯನ್ನು ಒಂದು ಭಾರೀ ಕಂಪನಿಗೆ ಮಾರಿ ಕೈ ತೊಳೆದುಕೊಂಡ. ಆ ಕಂಪನಿ ಎಷ್ಟು ದೊಡ್ಡದೆಂದರೆ ಅದರ ಯಜಮಾನ ಯಾರೆಂದು ಅದರ ಅಧಿಕಾರಿಗಳಿಗೇ ಗೊತ್ತಿರಲಿಲ್ಲ. ಬಂದ ವಾರವೇ ಗೋಡೆಯ ಮೇಲೆ 'ನೀವು ನಮ್ಮ ಕುಟುಂಬ' ಎಂದು ಬರೆಸಿದರು. ಮನೆಯವರ ಹತ್ತಿರ ಸಂಬಳದ ಮಾತು ಚೆನ್ನಾಗಿರುವುದಿಲ್ಲ ಎಂದೋ ಏನೋ, ಆ ವಿಷಯ ಮಾತ್ರ ಎತ್ತಲಿಲ್ಲ.

ಆಮೇಲೆ ಗೇಟಿಗೆ ಯಂತ್ರ ಬಂತು. ಮನುಷ್ಯರ ಎದೆಯೆತ್ತರಕ್ಕೆ ಒಂದು ತಿರುಗುವ ಕಂಬಿ, ಅದರ ಪಕ್ಕ ಕಂಬದ ಮೇಲೆ ಒಂದು ಕಪ್ಪು ಪೆಟ್ಟಿಗೆ. ಪೆಟ್ಟಿಗೆಗೆ ಮುಖ ಗುರುತಾಗುತ್ತದೆ, ದನಿ ಗುರುತಾಗುತ್ತದೆ, ಎಲ್ಲರ ಭಾಷೆಯೂ ಬರುತ್ತದೆ ಎಂದು ಸೂಪರ್‌ವೈಸರ್ ತನ್ನ ಸೊಸೆಯನ್ನು ಹೊಗಳುವಷ್ಟು ಸಂಭ್ರಮದಿಂದ ಹೇಳಿದ. ಬೆಳಿಗ್ಗೆ ಅದರ ಮುಂದೆ ನಿಂತು 'ಬಂದೆ' ಅನ್ನಬೇಕು. ಸಂಜೆ 'ಹೋಗ್ತೀನಿ' ಅನ್ನಬೇಕು. ಅಷ್ಟೇ. ಕಂಬಿ ಹೊರಕ್ಕೆ ತಿರುಗಲು ಯಾರ ಅಪ್ಪಣೆಯೂ ಬೇಡ, ಒಳಕ್ಕೆ ತಿರುಗಲು ಮಾತ್ರ ಪೆಟ್ಟಿಗೆಯ ಅಪ್ಪಣೆ ಬೇಕು. ಕಂಪನಿ ತನ್ನ ಸ್ವಭಾವವನ್ನು ಇಷ್ಟು ಸ್ಪಷ್ಟವಾಗಿ ಹೇಳಿಕೊಂಡದ್ದು ಅದೇ ಮೊದಲು.

ಬೆಳಿಗ್ಗೆ ಎಲ್ಲ ಸರಿಹೋಯಿತು. ಎಲ್ಲರೂ 'ಬಂದೆ' ಅಂದರು, ಕಂಬಿ ತಿರುಗಿತು. ಸಂಜೆ ಬೆವರಿನಲ್ಲಿ ಮಿಂದು, ಸೊಂಟ ಹಿಡಿದುಕೊಂಡು ಹೊರಟವರು ಪೆಟ್ಟಿಗೆಯ ಮುಂದೆ ಬಂದಾಗ ಎಲ್ಲರ ಬಾಯಿಂದಲೂ ಬಂದ ಮಾತು ಒಂದೇ.

"ಬರ್ತೀನಿ."

ಬೇಕೆಂದು ಹೇಳಿದ್ದಲ್ಲ. ಹೊರಡುವ ಹೊತ್ತಿಗೆ ಬಾಯಿಗೆ ಬರುವುದೇ ಆ ಮಾತು. ಹೋಗುವವರು ಹೋಗ್ತೀನಿ ಅಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ, ಮನೆಯಲ್ಲಾಗಿದ್ದರೆ ಹಿರಿಯರು 'ಬಿಡ್ತು ಅನ್ನು' ಎಂದು ಗದರುತ್ತಾರೆ. ಇದು ತೊಟ್ಟಿಲಿನಿಂದ ಇಳಿದ ಕೂಸಿಗೂ ಗೊತ್ತು. ಪೆಟ್ಟಿಗೆಗೆ ಗೊತ್ತಿರಲಿಲ್ಲ. ಅದನ್ನು ಮಾಡಿದವರು ಯಾರಿಗೂ ಹೇಳಿ ಮನೆಯಿಂದ ಹೊರಟವರಲ್ಲವೇನೋ. ಬರ್ತೀನಿ ಎಂಬುದನ್ನು ಕೇಳಿ ಅದು ಜೇನಿನಂಥ ಹೆಣ್ಣು ದನಿಯಲ್ಲಿ, "ಸಂತೋಷ, ಕೆಲಸ ಮುಂದುವರಿಸಿ" ಅಂತು. ಉದ್ದಕ್ಕ ಅದಕ್ಕೆ ತನ್ನ ಊದಿದ ಕಾಲು ತೋರಿಸಿದಳು. ಎಲ್ಲರೂ ನಕ್ಕು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಕಂಬಿ ಅಲ್ಲಾಡಲಿಲ್ಲ. ಚಿಕ್ಕಮ್ಮ 'ಬಂದೆ' ಅಂದಳು. "ನೀವು ಈಗಾಗಲೇ ಒಳಗಿದ್ದೀರಿ. ಒಬ್ಬರು ಎರಡು ಸಲ ಒಳಗೆ ಬರುವಂತಿಲ್ಲ" ಎಂದಿತು ಪೆಟ್ಟಿಗೆ. ಚಿಕ್ಕಮ್ಮ ತನ್ನನ್ನು ತಾನೇ ಮುಟ್ಟಿ ನೋಡಿಕೊಂಡಳು. ಉದ್ದಕ್ಕನಿಗೂ ಅದೇ ಉತ್ತರ, ಅವಳ ಹಿಂದಿನವರಿಗೂ ಅದೇ ಉತ್ತರ. ಸೂಪರ್‌ವೈಸರ್ ಓಡಿಬಂದು ಕೇಂದ್ರ ಕಚೇರಿಯ ಸಾಹೇಬನಿಗೆ ಫೋನು ಹಚ್ಚಿದ. ಆ ಸಾಹೇಬನನ್ನು ಯಾರೂ ಕಂಡವರಿಲ್ಲ, ಅವನು ಫೋನಿನೊಳಗೇ ಸಂಸಾರ ಮಾಡುವವನು. ತನ್ನ ಪರದೆಯಲ್ಲಿ ಎಲ್ಲರೂ ಒಳಗಿದ್ದಾರೆ, ಹಾಜರಿ ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಎಂದು ಸಾಹೇಬ ಸೂಪರ್‌ವೈಸರನನ್ನೇ ಅಭಿನಂದಿಸಿದ. ಹೊರಗೆ ಬಿಸಿಲಿಗೆ ನಿಂತವರು ಯಾರು ಹಾಗಾದರೆ ಎಂದು ಸೂಪರ್‌ವೈಸರ್ ಕೇಳಿದ. ಅದು ಅವನ ವಿಭಾಗಕ್ಕೆ ಬರುವುದಿಲ್ಲವಂತೆ.

ಆಸ್ಪತ್ರೆಯ ಗಾಡಿ ಬಂದು ಹಾರನ್ನು ಹೊಡೆಯತೊಡಗಿತು. ಸೂಪರ್‌ವೈಸರ್ ಗತಿಯಿಲ್ಲದೆ ಹಿಂದಿನ ಬಾಗಿಲು ತೆರೆಸಿದ. ಅದು ಕೊಳೆ ಬಟ್ಟೆಯ ಬಾಗಿಲು. ರಕ್ತ, ಕೀವು, ಔಷಧಿ ಮೆತ್ತಿದ ಬಟ್ಟೆಯ ಮೂಟೆಗಳನ್ನು ದಾಟಿಕೊಂಡು, ಮೂಗು ಮುಚ್ಚಿಕೊಂಡು ಕಂಪನಿಯ ಕುಟುಂಬದವರು ಒಳಗೆ ಹೋದರು.

ಸಂಜೆಯ ಹೊತ್ತಿಗೆ ಎಲ್ಲರ ಫೋನಿಗೂ ಎಚ್ಚರಿಕೆ ಬಂತು. ಅನುಮತಿ ಇಲ್ಲದೆ ರಾತ್ರಿಯಿಡೀ ಕಂಪನಿಯ ಕಟ್ಟಡದಲ್ಲಿ ತಂಗಿದ್ದು ಅಪರಾಧವಂತೆ. ಮೂರು ಸಲ ಹೀಗಾದರೆ ಕೆಲಸದಿಂದ ತೆಗೆಯಲಾಗುವುದಂತೆ. ತಮ್ಮ ಮನೆಯಲ್ಲಿ ಮಕ್ಕಳ ಮಗ್ಗುಲಲ್ಲಿ ಮಲಗಿ ಎದ್ದವರು ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿದರು.

ತಪ್ಪು ಯಂತ್ರದ್ದಲ್ಲ, ಬಾಯಿಗಳದ್ದು ಎಂದು ಕಂಪನಿ ತೀರ್ಮಾನಿಸಿತು. ಬಾಯಿ ತಿದ್ದಲು ಒಬ್ಬ ಹುಡುಗಿ ಬಂದಳು. ಊಟದ ಬಿಡುವಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಗುನಗುತ್ತ, ಹೋಗ್ತೀನಿ, ಹೋಗ್ತೀನಿ ಎಂದು ಭಜನೆ ಮಾಡಿಸಿದಳು. ಪಾಪ, ಅವಳದ್ದೂ ಹೊಟ್ಟೆಪಾಡು. ಪಾಠ ಮುಗಿಸಿ ಹೊರಡುವಾಗ ಅವಳೂ ಚಿಕ್ಕಮ್ಮನ ಕಡೆ ತಿರುಗಿ ಬರ್ತೀನಿ ಆಂಟಿ ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಜನ ಹೇಗೋ ಕಲಿತರು. ಸಂಜೆ ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿ ಹೋಗ್ತೀನಿ ಅನ್ನುವುದು, ರಸ್ತೆಗೆ ಇಳಿದ ಕೂಡಲೇ ಗೋಡೆಗೆ ತಿರುಗಿ ಬರ್ತೀನಿ ಅಂತ ಪಿಸುಗುಟ್ಟುವುದು. ಉದ್ದಕ್ಕನೂ ಹಾಗೇ ಮಾಡಿದಳು. ಚಿಕ್ಕಮ್ಮನಿಗೆ ಮಾತ್ರ ಆಗಲಿಲ್ಲ. ಮನಸ್ಸು ಹೋ ಅನ್ನುವುದರೊಳಗೆ ನಾಲಿಗೆ ಬ ಅಂದುಬಿಡುತ್ತಿತ್ತು. ಎರಡನೇ ಎಚ್ಚರಿಕೆ ಬಂತು.

ಹಾಗೆಂದು ಅವಳು ಆ ಮಾತನ್ನು ಕುರುಡಾಗಿ ನಂಬಿದವಳಲ್ಲ. ಅವಳ ಗಂಡ ಒಂದು ದಿನ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬರ್ತೀನಿ ಕಣೇ ಎಂದು ಹೊರಟವನು, ಮಗಳಿಗೆ ಮದುವೆಯಾಗಿ ಮೊಮ್ಮಗುವಾದರೂ ಇನ್ನೂ ಬರುತ್ತಲೇ ಇದ್ದಾನೆ. ಆ ಮಾತಿನ ಬೆಲೆ ಎಷ್ಟೆಂದು ಅವಳಿಗಿಂತ ಚೆನ್ನಾಗಿ ತಿಳಿದವರಿಲ್ಲ. ಆದರೂ ಮಗಳನ್ನು, ಮೊಮ್ಮಗುವನ್ನು ಬಿಟ್ಟು ದಿನಾ ಮನೆಯಿಂದ ಹೊರಡುವಾಗ ಅವಳು ಹೇಳಿದ್ದು ಅದನ್ನೇ, ಹೇಳಿದಂತೆ ಬಂದಿದ್ದಳು ಕೂಡ. ಗಂಡ ಕೆಡಿಸಿದ ಮಾತನ್ನು ಅವಳು ಇಷ್ಟು ವರ್ಷ ದುಡಿದು ನೇರ ಮಾಡಿಕೊಂಡಿದ್ದಳು. ಈಗ ಅದನ್ನು ಒಂದು ಪೆಟ್ಟಿಗೆಗೋಸ್ಕರ ಬಿಡಬೇಕು ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಮೈ ಉರಿದರೆ ಒಲೆ ಉರಿಯುವುದಿಲ್ಲವಲ್ಲ. ಅಳಿಯನ ಕೆಲಸ ಹೋಗಿ ತಿಂಗಳುಗಳಾಗಿದ್ದವು, ಮಗು ಕುಡಿಯುವ ಹಾಲಿನ ಪುಡಿಯಿಂದ ಮನೆಯ ಬಾಡಿಗೆಯವರೆಗೆ ಎಲ್ಲವೂ ಚಿಕ್ಕಮ್ಮನ ಆ ನುಣ್ಣನೆಯ ಬೆರಳುಗಳ ಮೇಲೆಯೇ ನಿಂತಿತ್ತು. ಮನೆಯಲ್ಲೇ ಅಭ್ಯಾಸ ಮಾಡೋಣ ಎಂದು ಒಂದು ಸಂಜೆ ಅಡಿಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಕಷ್ಟಪಟ್ಟು, ಒಂದೊಂದೇ ಅಕ್ಷರ ಹೊರಗೆ ತಳ್ಳಿ, ಹೋಗ್ತೀನಿ ಅಂದಳು. ಇನ್ನೊಮ್ಮೆ ಅಂದಳು. ಹಿಂದೆ ಪಾತ್ರೆ ಬಿದ್ದ ಸದ್ದಾಯಿತು. ಬಾಗಿಲಲ್ಲಿ ಮಗಳು ಬಿಳಿಚಿಕೊಂಡು ನಿಂತಿದ್ದಳು.

"ಎಲ್ಲಿಗಮ್ಮಾ?" ಎಂದಳು. "ಎಲ್ಲಿಗೆ ಹೋಗ್ತೀಯ? ಏನು ಮಾಡ್ಕೋಬೇಕು ಅಂತಿದ್ದೀಯ?"

ಚಿಕ್ಕಮ್ಮ ಎಷ್ಟು ಬಿಡಿಸಿ ಹೇಳಿದರೂ ಮಗಳು ನಂಬಲಿಲ್ಲ. ಪೆಟ್ಟಿಗೆ, ಕಂಬಿ, ಎರಡು ಸಲ ಒಳಗೆ ಬರುವುದು, ಯಾವುದೂ ನಂಬುವ ಮಾತಾಗಿರಲಿಲ್ಲ ಬಿಡಿ. ಅಮ್ಮನ ತೋಳು ಹಿಡಿದುಕೊಂಡು ಅತ್ತಳು. ಅವಳು ಅಳುವುದನ್ನು ನೋಡಿ ಮಗುವೂ ಅತ್ತಿತು. ಚಿಕ್ಕಮ್ಮ ಇನ್ನು ಈ ಜನ್ಮದಲ್ಲಿ ಆ ಮಾತು ಆಡುವುದಿಲ್ಲ ಎಂದು ಮಗುವಿನ ತಲೆ ಮುಟ್ಟಿ ಹೇಳಿದ ಮೇಲೆ ಮನೆ ತಣ್ಣಗಾಯಿತು.

ಮರುದಿನ ಸೂಪರ್‌ವೈಸರ್ ತನಗೆ ತೋಚಿದ ಒಂದು ಉಪಾಯ ಹೇಳಿಕೊಟ್ಟ. ಅವನು ಕೆಟ್ಟವನಲ್ಲ, ಬೆನ್ನು ನೆಟ್ಟಗಿರಲಿಲ್ಲ ಅಷ್ಟೇ. ಹೋಗಿ ಬರ್ತೀನಿ ಅನ್ನಿ, ಅರ್ಧ ಕಂಪನಿಗೆ, ಅರ್ಧ ನಿಮಗೆ ಅಂದ. ಚಿಕ್ಕಮ್ಮನಿಗೂ ಇದು ಒಪ್ಪಿತವಾಯಿತು. ಸಂಜೆ ಪೆಟ್ಟಿಗೆಯ ಮುಂದೆ ನಿಂತು ಹಾಗೇ ಅಂದಳು. ಅವಳು ಹೋದಳು, ಅದೇ ಉಸಿರಿನಲ್ಲಿ ಬಂದಳು ಎಂದು ಪೆಟ್ಟಿಗೆ ಲೆಕ್ಕ ಹಿಡಿಯಿತು. "ನಿಮ್ಮ ವಿರಾಮ ಮುಗಿಯಿತು. ಕೆಲಸ ಮುಂದುವರಿಸಿ" ಅಂತು. ರಾತ್ರಿ ಕಳೆಯಿತು, ಮೂರನೇ ಎಚ್ಚರಿಕೆಯೂ ಬಂತು. ಅದರ ಬಾಲದಲ್ಲೇ ಕೆಲಸದಿಂದ ತೆಗೆದ ಸುದ್ದಿಯೂ ಇತ್ತು.

ಅವತ್ತೂ ಕೊಳೆ ಬಾಗಿಲಿನಿಂದ ಒಳಗೆ ಬಂದಿದ್ದ ಚಿಕ್ಕಮ್ಮ ಚಾದರ ಮಡಿಸುತ್ತಿದ್ದಳು. ಸೂಪರ್‌ವೈಸರ್ ಫೋನು ಹಿಡಿದುಕೊಂಡು ಬಂದ. ಮುಖ ಸಣ್ಣದಾಗಿತ್ತು. ಫೋನಿನೊಳಗಿನ ಸಾಹೇಬ ಎಲ್ಲರಿಗೂ ಕೇಳುವಂತೆ ಬೆಣ್ಣೆಯಲ್ಲಿ ಅದ್ದಿದ ದನಿಯಲ್ಲಿ ಮಾತಾಡಿದ. ಇಷ್ಟು ವರ್ಷದ ಸೇವೆಗೆ ಕಂಪನಿ ಋಣಿಯಾಗಿದೆ, ಒಂದೇ ಒಂದು ಸಣ್ಣ ಕೆಲಸ ಬಾಕಿ ಇದೆ ಅಂದ. ಪೆಟ್ಟಿಗೆಯ ಮುಂದೆ ಒಂದು ಸಲ ಹೋಗ್ತೀನಿ ಅಂದುಬಿಟ್ಟರೆ ಬಿಡುಗಡೆ ಪೂರ್ತಿಯಾಗುತ್ತದೆ, ಅವಳ ಜಾಗಕ್ಕೆ ಬೇರೆಯವರು ಬರಬಹುದು.

ಯಂತ್ರಗಳ ಸದ್ದಿನ ನಡುವೆಯೂ ಎಲ್ಲರ ಕಿವಿ ಇತ್ತಲೇ ಇತ್ತು.

"ಅನ್ನದಿದ್ರೆ?" ಎಂದಳು ಚಿಕ್ಕಮ್ಮ.

"ಅನ್ನದಿದ್ರೆ ಬಿಡುಗಡೆ ಆಗಲ್ಲಮ್ಮ. ಯಂತ್ರ ಒಪ್ಪಲ್ಲ. ನೀವು ಒಳಗೇ ಇರ್ತೀರ."

"ಹಾಗಾದ್ರೆ ಒಳಗೇ ಇರ್ತೀನಿ."

"ಅದು ಬರೀ ಒಂದು ಮಾತು ಅಮ್ಮ. ಸುಮ್ನೆ ಹೇಳಿ."

"ಬರೀ ಮಾತಾಗಿದ್ರೆ ನಿಮ್ಮ ಪೆಟ್ಟಿಗೆ ನನ್ನ ಮಾತು ಕೇಳಿಸ್ಕೊಳ್ಳಲಿ ಸಾರ್. ನಾನು ಮಾತು ಕಲಿತದ್ದು ನಮ್ಮಮ್ಮನ ಹತ್ರ. ಅದಕ್ಕೆ ಬೇಕಾದ್ರೆ ಅದು ಬಂದು ಕಲೀಲಿ."

ಸಾಹೇಬನ ದನಿಯಿಂದ ಬೆಣ್ಣೆ ಇಳಿಯಿತು. ಅವಳಿಗೆ ಇವತ್ತಿನಿಂದ ಸಂಬಳವಿಲ್ಲ, ಯಾರಾದರೂ ಅವಳ ಜೊತೆ ಚಾದರ ಹಿಡಿದರೆ ಅವರಿಗೂ ಇಲ್ಲ ಎಂದು ಹೇಳಿ ಫೋನು ಇಟ್ಟ. ಎಲ್ಲರ ಕಣ್ಣೂ ಉದ್ದಕ್ಕನ ಮೇಲೆ ಬಿತ್ತು. ಉದ್ದಕ್ಕನಿಗೂ ಮನೆಯಿದೆ, ಸಾಲವಿದೆ, ಊದಿದ ಕಾಲಿದೆ. ಅವಳು ರಾಶಿಯಿಂದ ಒಂದು ಬಿಸಿ ಚಾದರ ಎಳೆದು, ಎರಡು ಮೂಲೆ ತಾನು ಹಿಡಿದು, ಎರಡು ಮೂಲೆ ಚಿಕ್ಕಮ್ಮನ ಕಡೆ ಎಸೆದಳು. ಹಿಡಿಯೇ ಬೇಗ, ಆರಿದ ಮೇಲೆ ಗೆರೆ ಕೂರಲ್ಲ ಎಂದು ಗದರಿದಳು.

ಆ ಸಂಜೆ ಗೇಟಿನಲ್ಲಿ ಮೊದಲು ನಿಂತವಳು ಉದ್ದಕ್ಕ. ಪೆಟ್ಟಿಗೆಯ ಮೇಲೆ ಬಗ್ಗಿ, ಕೆಪ್ಪರಿಗೆ ಹೇಳುವಂತೆ ಗಟ್ಟಿಯಾಗಿ ಬರ್ತೀನಿ ಅಂದಳು. ಸಂತೋಷ, ಕೆಲಸ ಮುಂದುವರಿಸಿ ಅಂತು ಪೆಟ್ಟಿಗೆ. ಅವಳ ಹಿಂದಿನವನು ಬರ್ತೀನಿ ತಾಯಿ ಅಂದ. ಸಂತೋಷ. ಅವನ ಹಿಂದಿನವಳು ಬರ್ತೀನಿ ಕಣಮ್ಮ, ಹುಷಾರು ಅಂದಳು. ಸಂತೋಷ. ಸಾಲು ಮುಗಿಯುವ ಹೊತ್ತಿಗೆ ಪೆಟ್ಟಿಗೆಗೆ ಆದಷ್ಟು ಸಂತೋಷ ಆ ಕಂಪನಿಯಲ್ಲಿ ಯಾರಿಗೂ ಆಗಿರಲಿಲ್ಲ. ಕೊನೆಗೆ ಚಿಕ್ಕಮ್ಮ ಬಂದಳು. ಬರ್ತೀನಿ ಅಂದಳು, ಮನೆಗೆ ಹೋದಳು, ಮಗುವಿನ ಜೊತೆ ಕೂತು ಉಂಡಳು.

ಬೆಳಿಗ್ಗೆ ಕಂಬಿ ಯಾರಿಗೂ ತಿರುಗಲಿಲ್ಲ. ಸೂಪರ್‌ವೈಸರ್ ಕೊಳೆ ಬಾಗಿಲು ತೆರೆಸಿ ಕಾದ. ಅತ್ತ ಯಾರೂ ಹೆಜ್ಜೆ ಹಾಕಲಿಲ್ಲ. ಬಂದವರು ಬಂದಂತೆ ಗೇಟಿನ ಮುಂದೆ ನೆಲದ ಮೇಲೆ ಕೂತರು. ಆಸ್ಪತ್ರೆಯ ಗಾಡಿ ಬಂತು, ಹೋಟೆಲುಗಳ ಗಾಡಿಗಳು ಬಂದವು, ಹಾರನ್ನು ಹೊಡೆದು ಹೊಡೆದು ಸೋತವು. ನಾಳೆ ಹಾಲಿನ ಪುಡಿಗೆ ಏನು ಮಾಡುವುದು ಎಂಬುದು ಚಿಕ್ಕಮ್ಮನಿಗೆ ಇನ್ನೂ ತಿಳಿದಿರಲಿಲ್ಲ. ಆದರೆ ಎದ್ದು ಹೋಗಬೇಕು ಎಂದು ಮಾತ್ರ ಅನ್ನಿಸಲಿಲ್ಲ.

ಸೂಪರ್‌ವೈಸರನ ಫೋನು ಬಡಿದುಕೊಂಡಿತು. ಸಾಹೇಬನ ಕೂಗು ನೆಲದ ಮೇಲೆ ಕೂತವರಿಗೂ ಕೇಳಿಸಿತು. ಪರದೆಯಲ್ಲಿ ಎಲ್ಲರೂ ನಿನ್ನೆಯಿಂದ ಒಳಗೇ ಇದ್ದಾರೆ, ಒಂದು ಚಾದರವೂ ಹೊರಗೆ ಬಂದಿಲ್ಲ, ಏನು ಮಾಡ್ತಿದ್ದಾರೆ ಅವರು ಎಂದು ಅರಚುತ್ತಿದ್ದ. ಸೂಪರ್‌ವೈಸರ್ ಗೇಟನ್ನು ನೋಡಿದ, ಕೂತವರನ್ನು ನೋಡಿದ. ಚಿಕ್ಕಮ್ಮ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವನು ಕರ್ಚೀಫು ಹಾಸಿಕೊಂಡು ಅಲ್ಲಿ ಕೂತ.

"ಒಳಗಿರೋರನ್ನ ನೀವೇ ಕೇಳಿ ಸಾರ್," ಎಂದ. "ನಾನು ಹೊರಗಿದ್ದೀನಿ."